ಒಂದು ಬೀದಿಯ ಅಗಲ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಎಲ್ಲರಿಗೂ ಅವಳು ಕತ್ತರಿ ಅಕ್ಕ. ಎದುರು ಸಾಲಿನ ಮಹಡಿಯವಳು ಸೂಜಿ ಅಕ್ಕ. ಇಬ್ಬರೂ ಸೇರಿ ಹೊಲಿಗೆ ಅಂಗಡಿ ನಡೆಸಿದವರು. ಒಬ್ಬಳು ಅಳತೆ ತೆಗೆದು ಕತ್ತರಿಸುತ್ತಿದ್ದಳು, ಇನ್ನೊಬ್ಬಳು ಹೊಲಿಯುತ್ತಿದ್ದಳು. ಕತ್ತರಿ ಅಕ್ಕನಿಗೆ ಮೆಷಿನ್ ತುಳಿಯಲು ಬರುತ್ತಿರಲಿಲ್ಲ ಎಂದಲ್ಲ. ತುಳಿದರೆ ಹೊಲಿಗೆ ಕುಡುಕನ ದಾರಿ ಹಿಡಿಯುತ್ತಿತ್ತು. ಸೂಜಿ ಅಕ್ಕ ಕತ್ತರಿ ಮುಟ್ಟಿದರೆ ಅಂಗಿಯ ಎಡತೋಳು ಅಣ್ಣ, ಬಲತೋಳು ತಮ್ಮ. ಹಾಗಾಗಿ ಒಬ್ಬಳಿಲ್ಲದ ದಿನ ಇನ್ನೊಬ್ಬಳು ಅಂಗಡಿ ತೆರೆಯುತ್ತಲೇ ಇರಲಿಲ್ಲ.

ಅಂಗಡಿ ಇದ್ದದ್ದು ಸೂಜಿ ಅಕ್ಕನ ಮನೆಯ ಕೆಳಗೆ. ಒಂದು ಉದ್ದನೆಯ ಮೇಜು, ಗೋಡೆಗೆ ಒಂದು ನಿಲುವುಗನ್ನಡಿ, ಮೂಲೆಯಲ್ಲಿ ಮೆಷಿನ್. ನೀರು ಕಾಣದ ಹೊಸ ಹತ್ತಿಬಟ್ಟೆಯ ಗಂಜಿ ವಾಸನೆ ಬಾಗಿಲು ತೆರೆದ ಕೂಡಲೇ ಮುಖಕ್ಕೆ ಬರುತ್ತಿತ್ತು. ಶಾಲೆಯ ಸಮವಸ್ತ್ರ, ಫ್ರಾಕು, ಅಂಗಿ, ಕಿಟಕಿ ಪರದೆ, ದಿಂಬಿನ ಚೀಲ, ಬೀದಿಯ ಮೈಮೇಲಿದ್ದ ಬಟ್ಟೆಯ ಬಹುಪಾಲು ಆ ಮೇಜಿನಿಂದಲೇ ಎದ್ದು ಹೋದದ್ದು.

ಮೆಷಿನ್ ಓಡುವಾಗ ಮಾತು ಕೇಳುತ್ತಿರಲಿಲ್ಲ. ಕೂಗಿ ಹೇಳಿದರೆ ಗಿರಾಕಿಗೂ ಕೇಳುತ್ತಿತ್ತು. ಅದಕ್ಕೆ ಇಬ್ಬರೂ ಒಂದು ಕೈಮಾತು ಮಾಡಿಕೊಂಡಿದ್ದರು. ಕತ್ತರಿ ಅಕ್ಕ ಕಿವಿಯ ತುದಿ ಎಳೆದುಕೊಂಡರೆ, ಈ ಗಿರಾಕಿ ಚೌಕಾಸಿಯವನು ಎಂದು ಅರ್ಥ. ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡರೆ, ಇವಳು ಹೇಳುವ ಅಳತೆ ಹಳೆಯದು, ಮೈ ಹೊಸದು, ಒಳಗೆ ಬಟ್ಟೆ ಬಿಟ್ಟು ಹೊಲಿ. ಎರಡು ಬೆರಳನ್ನು ಕತ್ತರಿಯ ಹಾಗೆ ತೆರೆದು ಮುಚ್ಚಿದರೆ, ಬಾ, ನೀನೇ ಬರಬೇಕು. ಕೈಯನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆದರೆ, ನಾಳೆ. ಹೊಲಿಗೆ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದದ್ದು ಈ ನಾಳೆಯೇ. ಗಿರಾಕಿ ಬಾಗಿಲಲ್ಲಿ ಕಾಣಿಸುವುದೇ ತಡ, ಮೆಷಿನ್ ಮೂಲೆಯಿಂದ ಕೈ ಹಿಂದಕ್ಕೆ ಹಾರುತ್ತಿತ್ತು. ಕತ್ತರಿ ಅಕ್ಕ ನಗುಮುಖ ಮಾಡಿ, "ಇನ್ನೇನು, ಗುಂಡಿ ಹಾಕೋದೊಂದೇ ಬಾಕಿ" ಎನ್ನುತ್ತಿದ್ದಳು. ಬಟ್ಟೆ ಇನ್ನೂ ಮಡಿಕೆ ಬಿಚ್ಚಿರುತ್ತಿರಲಿಲ್ಲ.

ಆಮೇಲೆ ಸಿದ್ಧ ಉಡುಪಿನ ಅಂಗಡಿಗಳು ಬಂದವು. ಸೂಜಿ ಅಕ್ಕನ ಕಿವಿ ಮಂದವಾಯಿತು. ಮೆಷಿನ್ ಸದ್ದೇ ಕಿವಿ ತಿಂದಿತು ಎನ್ನುವುದು ಅವಳ ವಾದ. ಬಾಯಿಯನ್ನು ಕಿವಿಗೆ ತಗುಲಿಸಿ ಕೂಗಿದರೆ ಮಾತ್ರ ಕೇಳುವಂತಾಯಿತು. ಅಂಗಡಿ ಮುಚ್ಚಿ ಅಲ್ಲೀಗ ಮೊಬೈಲ್ ರಿಪೇರಿಯವನು ಕೂತಿದ್ದಾನೆ. ಸೂಜಿ ಅಕ್ಕ ಮೇಲೆ ಮಗ ಸೊಸೆಯ ಜೊತೆ. ಕತ್ತರಿ ಅಕ್ಕ ಎದುರು ಮಹಡಿಯಲ್ಲಿ ಮಗಳ ಜೊತೆ. ಅಳಿಯ ದೂರದೂರುಗಳಿಗೆ ಲಾರಿ ಓಡಿಸುವವನು, ಮನೆಯಲ್ಲಿ ನೆಂಟನ ಹಾಗೆ ಬಂದು ಹೋಗುತ್ತಾನೆ. ಅಂಗಡಿ ಹೋದರೂ ಸಂಜೆಯ ಹೊತ್ತು ಹೋಗಲಿಲ್ಲ. ಕತ್ತರಿ ಅಕ್ಕ ಮೆಟ್ಟಿಲಿಳಿದು, ಬೀದಿ ದಾಟಿ, ಮೆಟ್ಟಿಲು ಹತ್ತಿ, ಗೆಳತಿಯ ಪಕ್ಕ ಕೂತು, ಅವಳ ಕಿವಿಯೊಳಗೆ ಇಡೀ ಬೀದಿಯನ್ನು ಸುರಿದು ಬರುತ್ತಿದ್ದಳು.

ಅವಳು ಬೀಳುವವರೆಗೆ ಹಾಗಿತ್ತು.

ಬಿದ್ದದ್ದು ಮೆಟ್ಟಿಲ ಮೇಲಲ್ಲ, ಬಚ್ಚಲಿನಲ್ಲೂ ಅಲ್ಲ. ನಡುಮನೆಯಲ್ಲಿ, ಒಣನೆಲದ ಮೇಲೆ, ಹಾಡುಹಗಲು. ಬಟ್ಟೆ ಕತ್ತರಿಸುವವರ ಕಣ್ಣಿಗೆ ಒಂದು ಚಾಳಿ ಇರುತ್ತದೆ. ನೆಲದ ಮೇಲೆ ಏನಾದರೂ ಮಿನುಗಿದರೆ ಅದನ್ನು ದಾಟಿ ಹೋಗಲಾರರು. ಬಿದ್ದ ಗುಂಡುಸೂಜಿಯನ್ನು ಬಿಟ್ಟು ನಡೆದರೆ ಅದು ಯಾವುದೋ ಮಗುವಿನ ಅಂಗಾಲು ಹುಡುಕಿಕೊಂಡು ಹೋಗುತ್ತದೆ. ಆ ಮಧ್ಯಾಹ್ನ ಕಿಟಕಿಯ ಬಳಿ ನಿಂತಿದ್ದ ಕತ್ತರಿ ಅಕ್ಕನಿಗೆ ಕಾಲ ಹತ್ತಿರ ತೆಳ್ಳಗೆ ಏನೋ ಹೊಳೆದಂತಾಯಿತು. ಬಾಗಿ ಬೆರಳು ಚಾಚಿದಳು. ಬೆರಳಿಗೆ ಏನೂ ಸಿಗಲಿಲ್ಲ. ಕಿಟಕಿಯ ಸಂದಿನಿಂದ ಬಂದ ಬಿಸಿಲಿನ ಎಳೆ ಅದು. ಸಿಗದ ಸೂಜಿಗೆ ಇನ್ನಷ್ಟು ಬಾಗಿದಳು. ನೆಲವೇ ಎದ್ದು ಅವಳ ಕಡೆಗೆ ಬಂತು.

ಮೂಳೆ ಮುರಿಯಲಿಲ್ಲ. ಸೊಂಟದ ಪಕ್ಕ ನೀಲಿಗಟ್ಟಿತು, ಕೆಲವು ದಿನಕ್ಕೆ ಅದೂ ಹಳದಿಯಾಗಿ ಮಾಸಿತು. ಆದರೆ ಮಗಳು ಕೆಲಸದಿಂದ ಬರುವವರೆಗೆ ಅವಳು ಅಲ್ಲೇ ಮಲಗಿದ್ದಳು, ಏಳಲು ಯಾವ ಕಡೆಯಿಂದ ಶುರುಮಾಡಬೇಕೆಂದು ತಿಳಿಯದೆ. ಕಣ್ಣಿನ ಮೇಲೆ ಊಟದ ಮೇಜಿನ ಅಡಿಭಾಗವಿತ್ತು. ಬಡಗಿ ಪೆನ್ಸಿಲಿನಲ್ಲಿ ಎಳೆದ ಗೀಟು, ಈಗ ಹಾಸ್ಟೆಲಿನಲ್ಲಿ ಓದುತ್ತಿರುವ ಮೊಮ್ಮಗಳು ಯಾವ ಕಾಲದಲ್ಲೋ ಅಂಟಿಸಿದ ಚೂಯಿಂಗ್ ಗಮ್, ಒಂದು ಜೇಡನ ಖಾಲಿ ಮನೆ. ಎಷ್ಟೋ ವರ್ಷ ಮೇಲಿನಿಂದ ಒರೆಸಿದ ಮೇಜು ತನ್ನ ಇನ್ನೊಂದು ಮುಖವನ್ನು ಆ ದಿನ ಅವಳಿಗೆ ಸಾವಧಾನವಾಗಿ ತೋರಿಸಿತು. ನೋವಿಗಿಂತ ಹೆಚ್ಚಾಗಿ ಅವಳೊಳಗೆ ಉಳಿದುಬಿಟ್ಟದ್ದು ಅದು. ತನ್ನ ಮನೆಯೇ ಇಷ್ಟು ಎತ್ತರಕ್ಕೆ ಹೋಗಿಬಿಡಬಹುದು ಎಂಬುದು.

ಮಗಳು ಆಸ್ಪತ್ರೆಯೊಂದರ ಎಕ್ಸ್-ರೇ ಕೌಂಟರಿನಲ್ಲಿ ಕೂರುವವಳು. ಬಿದ್ದವರನ್ನು ದಿನವಿಡೀ ನೋಡುವವಳು. "ನನ್ನ ಕೌಂಟರ್ ಮುಂದೆ ಬರೋ ವಯಸ್ಸಾದೋರು ಯಾರೂ ನಡ್ಕೊಂಡು ಬರಲ್ಲಮ್ಮಾ" ಎಂದಳು. "ಎಲ್ಲಾ ಚಕ್ರದ ಮೇಲೆ. ಕೇಳಿದ್ರೆ ಒಂದೇ ಮಾತು, ಏನಿಲ್ಲ, ಹಾಗೇ ಸ್ವಲ್ಪ ಜಾರ್ತು ಅಂತ." ನೆಲದ ಜಮಖಾನ ಸುತ್ತಿ ಅಟ್ಟಕ್ಕೆ ಹೋಯಿತು. ಬಚ್ಚಲಿಗೆ ಹಿಡಿಕೆ ಬಂತು. ಮೆಟ್ಟಿಲ ಬಾಗಿಲಿಗೆ ಚಿಲಕ ಬಿತ್ತು. ಮೊದಮೊದಲು ಕತ್ತರಿ ಅಕ್ಕ ರೇಗುತ್ತಿದ್ದಳು. "ನಾನೇನು ಕೋಳಿನಾ, ಮುಚ್ಚಿಡೋಕೆ?"

ತಿಂಗಳು ಕಳೆದ ಮೇಲೆ ಮಗಳೇ ಕರಗಿ ಚಿಲಕ ತೆಗೆದಳು. "ಬಾಮ್ಮಾ, ನಾನು ಕೈ ಹಿಡ್ಕೋತೀನಿ. ಸೂಜಿ ಅತ್ತೆನ ನೋಡ್ಕೊಂಡು ಬರೋಣ."

ಕತ್ತರಿ ಅಕ್ಕ ಉತ್ಸಾಹದಿಂದಲೇ ಎದ್ದಳು. ಮೊದಲ ಮೆಟ್ಟಿಲ ಅಂಚಿಗೆ ಬಂದು ಕೆಳಗೆ ನೋಡಿದಳು. ದಿನವೂ ಎಣಿಸದೆ ಇಳಿದ ಅದೇ ಮೆಟ್ಟಿಲು. ಅಂಗಾಲಿನ ಕೆಳಗೆ ಏನೋ ಕರಗಿ ಹೋದಂತಾಯಿತು. ಕೆಳಗಿನ ಕೆಲವು ಮೆಟ್ಟಿಲುಗಳಿಗೆ ಕಂಬಿ ಇಲ್ಲ ಎಂಬುದನ್ನು ಅವಳು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಈಗ ಕಣ್ಣಿಗೆ ಬೇರೇನೂ ಕಾಣಲಿಲ್ಲ.

"ಮಂಡಿ ಹಿಡ್ಕೊಂಡಿದೆ" ಎಂದಳು. "ಇವತ್ತು ಬೇಡ."

ಡಾಕ್ಟರು ಮಂಡಿಯನ್ನು ಮಡಿಸಿ, ಚಾಚಿ, ತಟ್ಟಿ ನೋಡಿ, "ಮಂಡಿ ಚೆನ್ನಾಗಿದೆಯಲ್ಲ, ಅಮ್ಮಾ" ಎಂದರು. "ನಿಮಗೇನು ಗೊತ್ತು, ಅದು ನಿಮ್ಮೆದುರಿಗೆ ಮರ್ಯಾದೆಯಿಂದ ಇದೆ" ಎಂದಳು ಕತ್ತರಿ ಅಕ್ಕ. ಹೆದರಿಕೆ ಎಂಬ ಮಾತನ್ನು ಅವಳು ಯಾರೆದುರಿಗೂ ಆಡಲಿಲ್ಲ. ನೂರಾರು ಮೀಟರು ಹೊಸ ಬಟ್ಟೆಗೆ ಕೈ ನಡುಗದೆ ಕತ್ತರಿ ಹಾಕಿದವಳು ತನ್ನದೇ ಮನೆಯ ನೆಲಕ್ಕೆ ಹೆದರುತ್ತಾಳೆಂದರೆ ಕೇಳಿದವರು ಏನೆಂದುಕೊಂಡಾರು?

ಅಂದಿನಿಂದ ಗೋಡೆ ಅವಳ ಜೊತೆಗಾರನಾಯಿತು. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ, ಅಲ್ಲಿಂದ ಕಿಟಕಿಗೆ ಅಂಗೈ ಒತ್ತಿಕೊಂಡೇ ಓಡಾಟ. ಬಿಳಿ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಮಾಸಲು ಪಟ್ಟಿಯೊಂದು ಮೂಡಿತು. ಅಳಿಯ ಒಮ್ಮೆ ಬಂದಾಗ ಅದನ್ನು ನೋಡಿ, "ಅತ್ತೆ ಮನೆಗೆ ಬಾರ್ಡರ್ ಹಾಕಿದಾರೆ" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಡೆಯುವುದು ಕಡಿಮೆಯಾದಷ್ಟೂ ಕಾಲು ಸೊರಗಿತು, ಕಾಲು ಸೊರಗಿದಷ್ಟೂ ಹೆದರಿಕೆ ಬಲಿಯಿತು. ಬೀದಿ ಬೇರೆ ದೇಶವಾಯಿತು.

ಉಳಿದದ್ದು ಕಿಟಕಿ.

ಎದುರು ಮಹಡಿಯ ಕಿಟಕಿಯಲ್ಲಿ ಸೂಜಿ ಅಕ್ಕ ಬಂದು ಕೂರುತ್ತಿದ್ದಳು. ಫೋನು ಅವಳ ಕಿವಿಗೆ ದಕ್ಕುವಂಥದ್ದಲ್ಲ. ಆದರೆ ಕೈಗಳು ಅಂಗಡಿಯ ಮಾತು ಮರೆತಿರಲಿಲ್ಲ. ಊಟದ ಪಾತ್ರೆ ತೊಳೆದಿಟ್ಟ ಮೇಲೆ ಇಬ್ಬರೂ ಬೀದಿಯ ಎರಡು ದಡಗಳಲ್ಲಿ ಕೂತು ಹರಟುತ್ತಿದ್ದರು. ಕೆಳಗೆ ಹೋಗುವವರನ್ನು ಒಬ್ಬರನ್ನೂ ಬಿಡುತ್ತಿರಲಿಲ್ಲ. ರಿಪೇರಿಯವನ ಹೆಂಡತಿ ಹೊಸ ಉಡುಪು ತೊಟ್ಟು ಹೊರಟರೆ ಸೂಜಿ ಅಕ್ಕನ ಕೈ ಹೊಟ್ಟೆಯ ಮೇಲೆ ಹೋಗುತ್ತಿತ್ತು, ಒಳಗೆ ಬಟ್ಟೆ ಬಿಡಬೇಕಿತ್ತು. ಹಣ್ಣಿನ ತಳ್ಳುಗಾಡಿಯ ಮುಂದೆ ಯಾರಾದರೂ ಜಗಳಕ್ಕೆ ನಿಂತರೆ ಇಬ್ಬರೂ ಒಟ್ಟಿಗೆ ಕಿವಿ ಎಳೆದುಕೊಳ್ಳುತ್ತಿದ್ದರು. ಕೊನೆಗೆ, ನೆರಳು ಬೀದಿಯನ್ನು ಪೂರ್ತಿ ತುಂಬುವ ಹೊತ್ತಿಗೆ, ಸೂಜಿ ಅಕ್ಕ ಎರಡು ಬೆರಳು ತೆರೆದು ಮುಚ್ಚುತ್ತಿದ್ದಳು.

ಬಾ.

ಕತ್ತರಿ ಅಕ್ಕ ಭುಜದ ಮೇಲಿಂದ ಕೈ ಎಸೆಯುತ್ತಿದ್ದಳು.

ನಾಳೆ.

ಹಾಗೆ ಕೈ ಎಸೆದ ಮೇಲೆ ಅವಳು ಬಹಳ ಹೊತ್ತು ಅಲ್ಲೇ ಕೂತಿರುತ್ತಿದ್ದಳು. ಎದುರಿನ ಆ ಕಿಟಕಿಯ ಒಳಗೆ ಏನೇನಿದೆ ಎಂಬುದು ಅವಳಿಗೆ ಗೊತ್ತು. ಗೋಡೆಗೆ ಒರಗಿಸಿದ ಹಳೆಯ ಮೆಷಿನ್, ಅದರ ಮೇಲೆ ಹೊದೆಸಿದ ಹೂವಿನ ಬಟ್ಟೆ, ತಾನು ಕೂರುತ್ತಿದ್ದ ಬೆತ್ತದ ಕುರ್ಚಿ, ಅದರ ಪಕ್ಕದಲ್ಲಿ ಎಣ್ಣೆಯ ವಾಸನೆಯ ಆ ತಲೆ. ಮಾತಾಡಲಿಕ್ಕೆ ಅಲ್ಲ. ಸುಮ್ಮನೆ ಭುಜಕ್ಕೆ ಭುಜ ತಗುಲಿಸಿ ಕೂರಬೇಕು ಅಷ್ಟೆ. ಒಬ್ಬರ ಮೈಯ ಬಿಸುಪು ಕೈಸನ್ನೆಯಲ್ಲಿ ದಾಟುವುದಿಲ್ಲ. ತಾನು ಯಾವ ಬಟ್ಟೆಯನ್ನೂ ಅಗಲ ನೋಡದೆ ಕೊಂಡವಳಲ್ಲ. ಈ ಬೀದಿಯ ಅಗಲವನ್ನು ಮಾತ್ರ ಯಾವ ಟೇಪಿನಿಂದ ಅಳೆಯಬೇಕೋ ತಿಳಿಯುತ್ತಿರಲಿಲ್ಲ.

ಆಮೇಲೆ ಒಂದು ಬದಲಾವಣೆ ಶುರುವಾಯಿತು.

ಕತ್ತರಿ ಅಕ್ಕ ಊಟ ಆಯಿತಾ ಎಂದು ಸನ್ನೆಯಲ್ಲಿ ಕೇಳಿದರೆ ಸೂಜಿ ಅಕ್ಕ ಕಿವಿ ಎಳೆದುಕೊಳ್ಳುವಳು. ಕೆಳಗೆ ಯಾರೂ ಇಲ್ಲದಾಗ ಹೊಟ್ಟೆಯ ಮೇಲೆ ಕೈ ಇಡುವಳು. ಕೊನೆಕೊನೆಗೆ ಬೇರೆ ಮಾತೇ ಇಲ್ಲ. ಬಂದು ಕೂತ ಕೂಡಲೇ ಎರಡು ಬೆರಳು. ಬಾ. ಕತ್ತರಿ ಅಕ್ಕ ನಾಳೆ ಎಂದರೂ ಬಾ. ಕಾಲು ತೋರಿಸಿ ಮುಖ ಹಿಂಡಿದರೂ ಬಾ. ಒಂದು ದಿನ ಕತ್ತರಿ ಅಕ್ಕ ಎರಡೂ ಕೈ ಜೋಡಿಸಿ, ಸಾಕು ಮಾರಾಯ್ತಿ ಎಂದು ಬೇಡಿಕೊಂಡಳು. ಎದುರಿನ ಬೆರಳುಗಳು ನಿಲ್ಲಲಿಲ್ಲ. ತೆರೆದವು, ಮುಚ್ಚಿದವು.

"ನೋಡು, ಹೇಗೆ ಹಂಗಿಸ್ತಾಳೆ" ಎಂದಳು ಮಗಳಿಗೆ. "ನನ್ನ ಕಾಲು ಬರಲ್ಲ ಅಂತ ಗೊತ್ತು ಅವಳಿಗೆ. ಗೊತ್ತಿದ್ದೂ ಗೊತ್ತಿದ್ದೂ ಚುಚ್ತಾಳೆ. ಸೂಜಿ ಅಂತ ಸುಮ್ನೆ ಹೆಸರು ಬಂತಾ?"

"ನೀನೇ ಹೇಳ್ತಿದ್ದೆ, ಮಂಡಿ ಅಂತ" ಎಂದಳು ಮಗಳು.

"ಹೌದು. ಮಂಡಿ."

ಅಂದು ಅವಳು ಕಿಟಕಿಗೆ ಪರದೆ ಎಳೆದಳು. ತಾನೇ ಕತ್ತರಿಸಿ, ಎದುರಿನವಳೇ ಹೊಲಿದು ಕೊಟ್ಟ ದಪ್ಪ ಪರದೆ. ಮಾರನೆಯ ದಿನವೂ ತೆಗೆಯಲಿಲ್ಲ. ಆ ವಾರ ಪೂರ್ತಿ ತೆಗೆಯಲಿಲ್ಲ. ಮಧ್ಯಾಹ್ನದ ಹೊತ್ತು ಪರದೆಗೆ ಬೆನ್ನು ಮಾಡಿ ಕೂತು ಗೋಡೆಯ ಮೇಲಿನ ಮಾಸಲು ಪಟ್ಟಿ ನೋಡುತ್ತಿದ್ದಳು. ಬೇಯದ ಬೇಳೆಯ ಹಾಗೆ ಒಳಗೇ ಕುದಿಯುತ್ತಿದ್ದಳು.

ಹಣ್ಣಿನ ಗಾಡಿಯವನು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಹಣ್ಣು ಮೇಲೆ ಕಳಿಸುವ ವಾಡಿಕೆ ಇತ್ತು. ಒಂದು ದಿನ ಕೂಗಿ ಕೂಗಿ ಸಾಕಾಗಿ ಅವನೇ ಮೆಟ್ಟಿಲು ಹತ್ತಿ ಬಂದ.

"ಏನಮ್ಮಾ, ಪರದೆ ಹಾಕ್ಕೊಂಡು ಕೂತಿದೀರಿ? ಮನೆ ಒಳಗೆ ಸಿನಿಮಾ ಇದೆಯಾ?"

"ನಿನ್ನ ಹಣ್ಣಿನ ಕಡೆ ನೋಡ್ಕೋ. ಹೋದ ಸಲದ ಕಿತ್ತಳೆ ಹುಳಿ."

"ಹಣ್ಣು ಹುಳಿ ಅಲ್ಲ, ಬಾಯಿ ಹುಳಿಯಾಗಿದೆ." ಅವನು ಬುಟ್ಟಿ ಕೆಳಗಿಟ್ಟ. ಹೋಗದೆ ನಿಂತ. "ಅಲ್ಲಮ್ಮಾ, ನೀವು ಪರದೆ ಹಾಕಿದೀರಿ. ಪಾಪ, ಅವರು ದಿನಾ ಕೂತು ಕೈ ಆಡಿಸ್ತಾನೇ ಇರ್ತಾರೆ. ಮುಚ್ಚಿದ ಪರದೆಗೆ. ಕೆಳಗಿಂದ ನೋಡೋಕೆ ನನಗೆ ಒಂಥರಾ ಆಗುತ್ತೆ."

"ಮುಚ್ಚಿರೋದು ಅವಳಿಗೆ ಕಾಣಲ್ವಾ?"

ಅವನು ಮುಖ ನೋಡಿದ. "ಕಣ್ಣು ಹೋಗಿದೆಯಲ್ಲಮ್ಮಾ ಅವರಿಗೆ. ನಿಮಗೆ ಗೊತ್ತಿಲ್ವಾ? ಬೆಳಕು ಕಾಣುತ್ತಂತೆ, ಆಕಾರ ಕಾಣಲ್ವಂತೆ. ಪೊರೆ ಆಗಿದ್ರೆ ತೆಗೀಬಹುದಿತ್ತು, ಇದು ಹಿಂದಿನ ನರ ಅಂತ ಡಾಕ್ಟ್ರು ಕೈ ಚೆಲ್ಲಿದಾರಂತೆ. ಯಾರಿಗೂ ಹೇಳ್ಬೇಡ ಅಂತ ಸೊಸೆಗೆ ಆಣೆ ಹಾಕಿದ್ರಂತೆ. ಹಣ್ಣು ಆರಿಸೋವಾಗ ಸೊಸೆನೇ ಬಾಯಿ ತಪ್ಪಿ ಅಂದ್ಬಿಟ್ರು."

ಅವನು ಇಳಿದು ಹೋದ ಮೇಲೆ ಕತ್ತರಿ ಅಕ್ಕ ಗೋಡೆ ಹಿಡಿದು ಕಿಟಕಿಗೆ ಬಂದಳು. ಪರದೆಯ ಅಂಚನ್ನು ಬೆರಳಷ್ಟು ಸರಿಸಿದಳು. ಎದುರಿನಲ್ಲಿ ಸೂಜಿ ಅಕ್ಕ ಕೂತಿದ್ದಳು. ಮುಖ ಇತ್ತ ಕಡೆಗೇ ಇತ್ತು, ಆದರೆ ಸ್ವಲ್ಪ ತಪ್ಪಿ, ಪಕ್ಕದ ಮನೆಯ ಗೋಡೆಯ ಕಡೆಗೆ. ಅಷ್ಟು ದಿನ ಅದನ್ನು ಮುಖ ತಿರುಗಿಸಿದ್ದು ಎಂದುಕೊಂಡಿದ್ದಳು. ಎರಡು ಬೆರಳು ತೆರೆದವು, ಮುಚ್ಚಿದವು. ಸುಸ್ತಾದಾಗ ಕೈ ಮಡಿಲಿಗಿಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು.

ಕತ್ತರಿ ಅಕ್ಕ ಪರದೆಯನ್ನು ಪೂರ್ತಿ ಎಳೆದು, ಕೈ ಬೀಸಿದಳು, ಎರಡೂ ಕೈ ಬೀಸಿದಳು, ಗೆಳತಿಯ ಹೆಸರು ಹಿಡಿದು ಕೂಗಿದಳು. ಬೀದಿಯಲ್ಲಿ ಹೋಗುವವರೆಲ್ಲ ತಲೆಯೆತ್ತಿ ನೋಡಿದರು. ನೋಡಬೇಕಾದವಳೊಬ್ಬಳನ್ನು ಬಿಟ್ಟು.

ಆ ಸಂಜೆ ಮಗಳು ಬಂದು ಚೀಲ ಇಡುವುದಕ್ಕೂ ಪುರುಸೊತ್ತು ಕೊಡಲಿಲ್ಲ. "ನಾಳೆ ನಿನಗೆ ರಜಾ ಅಲ್ವಾ? ನಾನು ಎದುರು ಮನೆಗೆ ಹೋಗ್ಬೇಕು."

ಮಗಳು ಸಂಗತಿಯೆಲ್ಲ ಕೇಳಿ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು, "ಆಗಲ್ಲಮ್ಮಾ. ಮುಂಚೆ ಕರೆದೆ, ಅವಾಗ ನಿನ್ನ ಕಾಲಲ್ಲಿ ಬಲ ಇತ್ತು. ಈಗ ನೋಡ್ಕೋ, ಕಡ್ಡಿ ಆಗಿದೆ. ಅವರನ್ನೇ ಇಲ್ಲಿಗೆ ಕರ್ಕೊಂಡು ಬರೋಣ. ಸೊಸೆಗೆ ಫೋನ್ ಮಾಡ್ತೀನಿ."

ಫೋನು ಮಾಡಿದಳು. ಅತ್ತಲಿಂದ ಸೊಸೆ, "ಅತ್ತೆ ಮೆಟ್ಟಿಲ ಹತ್ರಾನೇ ಬರಲ್ಲ ಅಂತಾರೆ, ತಲೆ ಸುತ್ತುತ್ತಂತೆ. ಎಷ್ಟೋ ತಿಂಗಳಿಂದಾನೂ ಹಾಗೇ" ಎಂದಳು.

"ಮತ್ತೆ ನಿನ್ನನ್ನೇ ಕುರ್ಚಿ ಸಮೇತ ಹೊತ್ಕೊಂಡು ಹೋಗೋಣ" ಎಂದಳು ಮಗಳು. "ಗಾಡಿಯವನೂ ರಿಪೇರಿಯವನೂ ಹಿಡ್ಕೋತಾರೆ."

"ಬೇಡವೇ ಬೇಡ!" ಕತ್ತರಿ ಅಕ್ಕ ಎರಡೂ ಕೈಯಲ್ಲಿ ಮಂಚ ಹಿಡಿದುಕೊಂಡಳು. ಕಾಲು ನೆಲ ಬಿಡುವುದೆಂದರೆ ಅವಳ ಮಟ್ಟಿಗೆ ಅದೇ ಬೀಳುವುದು.

"ಮತ್ತೆ ಹೇಗೆ ಹೋಗ್ತೀಯ? ಹಾರ್ಕೊಂಡು ಹೋಗ್ತೀಯಾ? ಬಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತು. ದಿನಾ ನೋಡ್ತೀನಿ. ಸೊಂಟ ಮುರಿದ್ರೆ ಆಮೇಲೆ ಎದ್ದೇಳಲ್ಲ, ಎಷ್ಟೋ ಜನ ಎದ್ದಿಲ್ಲ."

ಕತ್ತರಿ ಅಕ್ಕ ಮಂಚದ ಹಿಡಿತ ಬಿಟ್ಟಳು. ಆಮೇಲೆ ಮಗಳ ಕೈಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಆವತ್ತು ಬಿದ್ದೋಳು ನಾನು ಇನ್ನೂ ಎಲ್ಲಿ ಎದ್ದಿದೀನಿ, ಮಗಾ? ನೀನು ನನ್ನ ಎತ್ತಿ ಕೂರಿಸ್ದೆ, ಸರಿ. ನಾನಿನ್ನೂ ಆ ಮೇಜಿನ ಕೆಳಗೇ ಇದೀನಿ."

ಮಗಳು ಒಲೆಯ ಮೇಲಿನ ಚಹಾ ಉಕ್ಕಿದ ಸದ್ದು ಕೇಳಿ ಎದ್ದು ಹೋದಳು. ಒಲೆ ಒರೆಸಿದ್ದನ್ನೇ ಮತ್ತೆ ಒರೆಸುತ್ತ ಬಹಳ ಹೊತ್ತು ಅಲ್ಲೇ ನಿಂತಳು. ಹೊರಗೆ ಬಂದಾಗ, "ಮೊದಲು ತಿಂಡಿ ತಿಂದೇ ಹೊರಡ್ಬೇಕು" ಎಂದಳಷ್ಟೆ.

ಮಾರನೆಯ ಬೆಳಿಗ್ಗೆ, ಮಗಳು ಎರಡು ಮೆಟ್ಟಿಲು ಕೆಳಗೆ ನಿಂತು ತಾಯಿಗೆ ಮುಖ ಮಾಡಿ ಕೈ ಚಾಚಿದಳು. ಕತ್ತರಿ ಅಕ್ಕ ಅಂಚಿಗೆ ಬಂದಳು. ಮತ್ತೆ ಅದೇ, ಅಂಗಾಲಿನ ಕೆಳಗೆ ಕರಗಿದ ಹಾಗೆ. ವಾಪಸ್ಸು ತಿರುಗಲಿಕ್ಕೂ ಧೈರ್ಯವಿಲ್ಲ. ಆಗ ಅವಳು ಇದ್ದಲ್ಲೇ ಕುಸಿದು ಕೂತಳು. ಬಿದ್ದದ್ದಲ್ಲ, ಬೇಕೆಂದೇ ಕೂತದ್ದು. ಉಡುಪಿನ ಅಂಚನ್ನು ಒಟ್ಟುಮಾಡಿ ಮಂಡಿಯ ಕೆಳಗೆ ಸಿಕ್ಕಿಸಿಕೊಂಡಳು. ಎರಡೂ ಅಂಗೈ ಪಕ್ಕಕ್ಕೆ ಊರಿ, ಮೈಯನ್ನು ಮುಂದಕ್ಕೆ ನೂಕಿ, ಕೆಳಗಿನ ಮೆಟ್ಟಿಲಿಗೆ ಕುಂಡೆ ಕುಕ್ಕಿದಳು.

"ಅಮ್ಮಾ!"

"ನಗಬೇಡ. ನೀನೂ ಹೀಗೇ ಇಳಿಯೋದು ಕಲಿತಿದ್ದು."

ಇಸ್ತ್ರಿ ಮುರಿಯದ ಬಟ್ಟೆ ಉಟ್ಟು ಅಂಗಡಿಯಲ್ಲಿ ನಿಂತವಳು ಮೆಟ್ಟಿಲ ದೂಳನ್ನೆಲ್ಲ ತನ್ನ ಬಟ್ಟೆಯಲ್ಲಿ ಒರೆಸುತ್ತ ಕೆಳಗೆ ಬಂದಳು. ಕೆಳಮನೆಯವರು ಬಾಗಿಲು ತೆರೆದು, ನೋಡಿ, ಮತ್ತೆ ಮೆಲ್ಲಗೆ ಮುಚ್ಚಿಕೊಂಡರು. ಕಂಬಿ ಮುಗಿದ ಜಾಗದಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು. ತೆರೆದಾಗ ಕಾಲ ಕೆಳಗೆ ಬೀದಿ ಇತ್ತು.

ನಿಂತಳು. ಆದರೆ ಬೀದಿಗೆ ಗೋಡೆ ಇಲ್ಲ. ಮಗಳ ತೋಳು ಹಿಡಿದರೂ ಇನ್ನೊಂದು ಅಂಗೈ ಗಾಳಿಯಲ್ಲಿ ಗೋಡೆ ಹುಡುಕುತ್ತಿತ್ತು. ತಲೆಯ ಮೇಲೆ ಆಕಾಶ ಬಹಳ ದೊಡ್ಡದಾಗಿತ್ತು. ಒಂದು ಮೋಟಾರ್ ಬೈಕು ಪಕ್ಕದಲ್ಲೇ ಹಾರಿತು. ಅವಳು ಹೊಸ್ತಿಲಿಗೆ ಹಿಂದೆ ಸರಿದು ನಿಂತುಬಿಟ್ಟಳು. ಎದುರು ಬಾಗಿಲು ಕಾಣುತ್ತಿದೆ. ಅದರ ಬಣ್ಣ ಎದ್ದ ಚೌಕಟ್ಟು, ಗಂಟೆಯ ಗುಂಡಿ, ಎಲ್ಲಾ.

ಹಣ್ಣಿನ ಗಾಡಿಯವನು ಇದನ್ನೆಲ್ಲ ನೋಡುತ್ತಿದ್ದ. ಏನೂ ಕೇಳಲಿಲ್ಲ. ಚಕ್ರದ ಕೆಳಗಿನ ಕಲ್ಲು ತೆಗೆದು, ಗಾಡಿಯನ್ನು ಅವಳ ಪಕ್ಕಕ್ಕೆ ತಂದು ನಿಲ್ಲಿಸಿದ.

"ಇದರ ಅಂಚಿಗೆ ಕೈ ಇಡಿ. ನಾನು ತಳ್ತೀನಿ, ನೀವು ಜೊತೇಲಿ ಬನ್ನಿ. ಆದ್ರೆ ಹಲಗೆ ಹಿಡ್ಕೊಳಿ, ಬಾಳೆಹಣ್ಣು ಹಿಡ್ಕೋಬೇಡಿ. ಅದು ನಿಮಗಿಂತ ಮೆತ್ತಗಿದೆ."

ಗಾಡಿ ಬೀದಿಗೆ ಅಡ್ಡಲಾಗಿ ಹೊರಟಿತು. ಎರಡೂ ಕಡೆ ವಾಹನಗಳು ನಿಂತು ಹಾರ್ನು ಹೊಡೆದವು. "ಹೊಡೀರಿ, ಹೊಡೀರಿ, ಕತ್ತರಿ ಅಕ್ಕ ಹೋಗ್ತಿದಾರೆ" ಎಂದ ಗಾಡಿಯವನು, ಅವಸರವೇ ಇಲ್ಲದೆ. ಚಕ್ರ ಕಿರುಗುಟ್ಟಿತು. ಹಲಗೆಯ ಒರಟು ಅಂಚು ಅವಳ ಅಂಗೈಗೆ ಗೋಡೆಯಾಯಿತು, ಅವಳ ಜೊತೆ ನಡೆಯುವ ಗೋಡೆ. ಎಷ್ಟೋ ವರ್ಷ ಒಂದು ಉಸಿರಿನಲ್ಲಿ ದಾಟಿದ ಬೀದಿಯನ್ನು ಅವಳು ಅಂದು ಇಡೀ ಬೆಳಗನ್ನು ಖರ್ಚು ಮಾಡಿ ದಾಟಿದಂತೆ ಅನ್ನಿಸಿತು.

ಸೂಜಿ ಅಕ್ಕನ ಮನೆಯ ಮೆಟ್ಟಿಲು ಇಕ್ಕಟ್ಟು, ಕಡಿದು. ನಡುವೆ ತಿರುಗುವಲ್ಲಿ ಒಂದು ಪುಟ್ಟ ಚೌಕ, ಚೌಕಕ್ಕೆ ಒಂದು ಸಣ್ಣ ಕಿಂಡಿ. ಕತ್ತರಿ ಅಕ್ಕ ಮೇಲಿನ ಮೆಟ್ಟಿಲುಗಳಿಗೆ ಬೆನ್ನು ಮಾಡಿ ಕೂತೇ ಹತ್ತಿದಳು. ಚೌಕ ತಲುಪುವ ಹೊತ್ತಿಗೆ ತೋಳುಗಳು ನಡುಗುತ್ತಿದ್ದವು. "ಇನ್ನಾಗಲ್ಲ" ಎಂದಳು. ಮಗಳು ಮೇಲೆ ಓಡಿದಳು. ಮೇಲಿನ ಬಾಗಿಲಲ್ಲಿ ಸೊಸೆ ಅತ್ತೆಯ ಕಿವಿಗೆ ಬಾಯಿಟ್ಟು ಕೂಗುವುದು ಇಲ್ಲಿಯವರೆಗೆ ಕೇಳಿಸಿತು.

"ಕತ್ತರಿ ಅತ್ತೆ ಬಂದಿದಾರೆ! ಮೆಟ್ಟಿಲ ಮೇಲೆ!"

"ಸುಳ್ಳು ಹೇಳ್ಬೇಡ." ಸೂಜಿ ಅಕ್ಕನ ದನಿ.

ಕಾಯುತ್ತ ಕತ್ತರಿ ಅಕ್ಕ ಕಿಂಡಿಯಲ್ಲಿ ನೋಡಿದಳು. ಬೀದಿಯಾಚೆ ತನ್ನದೇ ಕಿಟಕಿ. ಇಲ್ಲಿಂದ ಅದೆಷ್ಟು ಚಿಕ್ಕದು. ಅದರೊಳಗಿನ ಕತ್ತಲಲ್ಲಿ ಒಬ್ಬ ಹೆಂಗಸು ಕೂತರೆ ಹೆಬ್ಬೆರಳಷ್ಟು ಕಂಡಾಳು. ಕಣ್ಣು ಚೆನ್ನಾಗಿರುವವರಿಗೇ ಅಷ್ಟು. ಇಂಥದ್ದನ್ನು ನೋಡುತ್ತ ಸೂಜಿ ಅಕ್ಕ ದಿನದಿನವೂ ಕೂತಿದ್ದಳೇ?

ಮೇಲೆ ಏನೋ ಉಜ್ಜಿದ ಸದ್ದಾಯಿತು. ಕತ್ತರಿ ಅಕ್ಕ ತಲೆಯೆತ್ತಿದಳು. ಮೊದಲು ಎರಡು ಬರಿಗಾಲು ಕಂಡವು, ಗಾಳಿಯಲ್ಲಿ ಮೆಟ್ಟಿಲು ತಡಕುತ್ತಿದ್ದವು. ಆಮೇಲೆ ಮಂಡಿ. ಆಮೇಲೆ ಪೂರ್ತಿ ಸೂಜಿ ಅಕ್ಕ, ಮೆಟ್ಟಿಲ ಮೇಲೆ ಕೂತು, ಎರಡೂ ಅಂಗೈ ಊರಿ, ಕುಂಡೆ ಕುಕ್ಕಿಕೊಂಡು ಇಳಿಯುತ್ತಿದ್ದಳು.

ಕತ್ತರಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಕ್ಕಳು, ನಕ್ಕು ಕೆಮ್ಮಿದಳು. ಕಣ್ಣಲ್ಲಿ ನೀರು ಬಂತು. ಇಳಿದು ಬಂದ ಕಾಲನ್ನು ತಬ್ಬಿ ತನ್ನ ಪಕ್ಕಕ್ಕೆ ಎಳೆದುಕೊಂಡಳು. ಚೌಕದಲ್ಲಿ ಇಬ್ಬರಿಗೆ ಸರಿಯಾಗಿ ಜಾಗವಿತ್ತು, ಭುಜ ತಗುಲಿಸಿ ಕೂತರೆ ಮಾತ್ರ.

ಸೂಜಿ ಅಕ್ಕ ಅವಳ ಮುಖ ಸವರಿದಳು. ಕೆನ್ನೆ, ಗಲ್ಲ, ಕತ್ತು. ತೋಳನ್ನು ಮುಷ್ಟಿಯಲ್ಲಿ ಹಿಡಿದು ನೋಡಿದಳು. "ಎಷ್ಟು ಇಳಿದುಹೋಗಿದೀಯೇ. ಈಗ ನಿನ್ನ ಅಂಗಿನ ಎರಡೂ ಕಡೆ ಒಳಗೆ ಹಿಡೀಬೇಕು."

ಕತ್ತರಿ ಅಕ್ಕ ಅವಳ ಕಿವಿಗೆ ಬಾಯಿ ತಗುಲಿಸಿದಳು. "ಪರದೆ ಎಳೆದಿದ್ದೆ ಕಣೇ ನಾನು!"

"ಹಾಂ?"

"ಪರದೆ! ನೀನು ಹಂಗಿಸ್ತಿದೀಯ ಅಂತ ಪರದೆ ಎಳೆದಿದ್ದೆ!" ಇಡೀ ಮನೆಗೆ ಕೇಳಿಸಿತು. ಕೆಳಗೆ ರಿಪೇರಿಯವನ ರೇಡಿಯೋ ನಿಂತಿತು.

"ಗೊತ್ತು. ಸೊಸೆ ಹೇಳಿದ್ಲು."

"ಗೊತ್ತಿದ್ದೂ ಯಾಕೆ ಕೈ ಆಡಿಸ್ತಿದ್ದೆ?"

"ಯಾವಾಗಲಾದ್ರೂ ತೆಗೀತೀಯ ಅಂತ. ತೆಗೆದ್ರೆ ನಂಗೆ ಕಾಣಲ್ವಲ್ಲ. ನೀನು ತೆಗೆದಾಗ ನಾನು ಸುಮ್ನೆ ಕೂತಿದ್ರೆ? ಅದಕ್ಕೆ ಆಡಿಸ್ತಾನೇ ಇದ್ದೆ."

ಮಗಳೂ ಸೊಸೆಯೂ ಮೇಲಿನ ಮೆಟ್ಟಿಲಲ್ಲಿ ನಿಂತಲ್ಲೇ ನಿಂತರು. ಸೂಜಿ ಅಕ್ಕನೇ ಮತ್ತೆ ಹೇಳಿದಳು. ಕಿವುಡರ ರೀತಿಯಲ್ಲಿ ತುಸು ಜೋರಾಗಿ, ಎದುರಿನ ಗೋಡೆಗೆ ಹೇಳುವ ಹಾಗೆ.

"ನೀನು ಬಿದ್ದಿದ್ದು ನಾನು ನೋಡ್ದೆ. ಅವಾಗ ಕಣ್ಣಿತ್ತು. ನೀನು ಕಿಟಕೀಲಿ ನಿಂತಿದ್ದೆ, ಬಗ್ಗಿದೆ, ಆಮೇಲೆ ಕಾಣಿಸ್ಲೇ ಇಲ್ಲ. ನಾನು ಕಾದೆ, ನೀನು ಏಳ್ಲಿಲ್ಲ. ಸೊಸೆ ಹೊರಗೆ ಹೋಗಿದ್ಲು. ಓಡಿ ಬರೋಣ ಅಂತ ಇದೇ ಮೆಟ್ಟಿಲಿಗೆ ಬಂದೆ. ಕಾಲು ಇಡೋಕೆ ಆಗ್ಲಿಲ್ಲ. ನಾನೂ ಹಾಗೇ ಬೀಳ್ತೀನಿ ಅನ್ನಿಸ್ತು. ಅಲ್ಲೇ ಬಾಗಿಲು ಹಿಡ್ಕೊಂಡು ನಿಂತಿದ್ದೆ, ನಿನ್ನ ಮಗಳು ಬರೋವರೆಗೂ. ಆವತ್ತಿಂದ ಇಳಿದಿಲ್ಲ. ಎಲ್ಲರಿಗೂ ತಲೆಸುತ್ತು ಅಂದೆ."

"ನಾನು ಮಂಡಿ ಅಂದೆ" ಎಂದಳು ಕತ್ತರಿ ಅಕ್ಕ, ಕಿವಿಯೊಳಗೆ.

ಸೂಜಿ ಅಕ್ಕ ತಲೆಯಾಡಿಸಿದಳು. ಇನ್ನೂ ಮೇಲಿನ ಮಹಡಿಯ ಬಾಡಿಗೆಯವನು ಚೀಲ ಹಿಡಿದು ಹತ್ತಿ ಬಂದ. ಇಬ್ಬರ ನಡುವೆ ಕಾಲಿಡಲು 'ಸ್ವಲ್ಪ' ಎಂದ. ಸರಿಯುವ ಲಕ್ಷಣ ಕಾಣದೆ ಗೋಡೆಗೆ ಒತ್ತಿಕೊಂಡು ಹೇಗೋ ದಾಟಿದ. ಸೊಸೆ ಚಹಾ ತಂದು ಕೊಟ್ಟಳು. ಲೋಟವನ್ನು ಸೂಜಿ ಅಕ್ಕನ ಕೈಗೆ ಕತ್ತರಿ ಅಕ್ಕನೇ ಇಟ್ಟಳು, ಬೆರಳುಗಳನ್ನು ಒಂದೊಂದಾಗಿ ಸುತ್ತಿಸಿ. ಭುಜ ಭುಜಕ್ಕೆ ಬೆಚ್ಚಗೆ ತಗುಲಿತ್ತು. ಬೆಳಕು ಕಿಂಡಿಯಿಂದ ಗೋಡೆಗೆ, ಗೋಡೆಯಿಂದ ಮೇಲಿನ ಮೆಟ್ಟಿಲಿಗೆ ಸರಿಯಿತು.

ಮಗಳು ಕೊನೆಗೆ ಹತ್ತಿರ ಬಂದು ಬಾಗಿದಳು. "ಅಮ್ಮಾ, ಹೊರಡೋಣ್ವಾ? ಬೀದೀಲಿ ಗದ್ದಲ ಶುರುವಾಗೋಕೆ ಮುಂಚೆ."

ಸೂಜಿ ಅಕ್ಕನಿಗೆ ಮಾತು ಕೇಳಿಸಲಿಲ್ಲ. ಆದರೆ ಪಕ್ಕದ ಮೈ ಬಿಗಿಯಾದದ್ದು ತಿಳಿಯಿತು. "ಹೊರಟ್ಯಾ?" ಎಂದಳು. "ಮತ್ತೆ ಬರ್ತೀಯಾ?"

ಅಂಗಡಿಯ ಮೇಜಿನ ಹಿಂದೆ ನಿಂತು ಎಷ್ಟೋ ಜನಕ್ಕೆ ಕೊಟ್ಟ ನಾಳೆಯ ಮಾತು ಕತ್ತರಿ ಅಕ್ಕನ ಬಾಯಿಗೆ ತಾನಾಗಿ ಬಂತು. ಅವಳು ಅದನ್ನು ನುಂಗಿದಳು. ಇಳಿಯಬೇಕಾದ ಮೆಟ್ಟಿಲು ಕೆಳಗೆ ಕಾಣುತ್ತಿತ್ತು. ಅದರಾಚೆ ಬೀದಿ, ಅದರಾಚೆ ಮತ್ತೆ ಮೆಟ್ಟಿಲು. ಅಂಗಾಲಿನ ಕೆಳಗೆ ಬೆಳಗಿನ ಹಾಗೆಯೇ ಏನೋ ಕರಗತೊಡಗಿತ್ತು. ಅದೆಲ್ಲಿಗೂ ಹೋಗಿರಲಿಲ್ಲ.

ಅವಳು ಗೆಳತಿಯ ಕಿವಿಗೆ ಬಾಯಿಟ್ಟಳು.

"ಗೊತ್ತಿಲ್ಲ ಕಣೇ. ನಂಗೆ ಹೆದರಿಕೆ ಆಗುತ್ತೆ."

ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಕಿವಿಯೊಳಗೆ ಹೇಳಿದ್ದರೂ ಕೂಗಿಯೇ ಹೇಳಬೇಕಾಗಿದ್ದರಿಂದ ಮಗಳಿಗೂ ಕೇಳಿಸಿತು, ಸೊಸೆಗೂ ಕೇಳಿಸಿತು, ಕೆಳಗೆ ಗಾಡಿ ಹಿಡಿದು ಕಾಯುತ್ತಿದ್ದವನಿಗೂ ಕೇಳಿಸಿತು.

"ನಂಗೂ" ಎಂದಳು ಸೂಜಿ ಅಕ್ಕ.

ಮಗಳು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಗಡಿಯಾರ ನೋಡಲಿಲ್ಲ. ಒಂದು ಮೆಟ್ಟಿಲು ಕೆಳಗಿಳಿದು, ತಾಯಿಯ ಪಾದದ ಹತ್ತಿರ, ಅವಳೂ ಕೂತಳು.